ನಿಘಂಟುಕಾರ ಕಿಟೆಲರು

ಧಾರವಾಡ ಸೀಮೆಯ ಓದುಬರಹ ಬಲ್ಲ ಮನೆಗಳಲ್ಲಿ ಕಿಟೆಲರ ಹೆಸರನ್ನು ಕೇಳದವರು ವಿರಳ. ಧಾರವಾಡದ ಕಾಲೇಜೊಂದು ಅವರ ಹೆಸರನ್ನು ಧರಿಸಿದೆ. ಪದವೊಂದರ ಅರ್ಥದಲ್ಲಿ ಸಂದೇಹವುಂಟಾದರೆ ಪಂಡಿತರು ಇಂದಿಗೂ ಅವರ ನಿಘಂಟನ್ನು ತೆರೆದು ನೋಡುತ್ತಾರೆ. ಆದರೆ ಆ ಗ್ರಂಥವು ಸಿದ್ಧವಾಗಬೇಕಾದರೆ ಅದರ ಕರ್ತೃಗಳು ಯಾವ ಯಾವ ಅನುಕೂಲಗಳನ್ನು ಬಿಟ್ಟರು, ಯಾವುವನ್ನು ಬಿಡಲಿಲ್ಲ ಎಂಬುದನ್ನು ಆಲೋಚಿಸುವವರು ಕಡಿಮೆ. ಈ ಶಾಲೆಯಲ್ಲಿ ಓದಿ ಈಗ ಸಂಸಾರವನ್ನೂ ಉದ್ಯೋಗವನ್ನೂ ನಡೆಸುತ್ತಿರುವ ಸಹೋದರಿಯರಿಗೂ, ಹೆಣ್ಣುಮಕ್ಕಳ ವಿದ್ಯೆಯ ವಿಷಯದಲ್ಲಿ ವರ್ಷವರ್ಷವೂ ತೀರ್ಮಾನ ಮಾಡಬೇಕಾಗುವ ತಾಯಿತಂದೆಗಳಿಗೂ ಆ ವಿಚಾರವೇ ಹೆಚ್ಚು ಬೇಕಾದದ್ದೆಂದು ತೋರುವುದರಿಂದ ಇಲ್ಲಿ ಅದನ್ನೇ ಮುಂದಿಟ್ಟು ಬರೆದಿದೆ.

ಫರ್ಡಿನಾಂಡ್ ಕಿಟೆಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿ ದೇಶದ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ವಿನೋದವೇನೆಂದರೆ, ಅದೇ ವರ್ಷ ಮದ್ರಾಸಿನಲ್ಲಿ ರೀವ್ ಎಂಬವರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು. ಕಿಟೆಲರು ಎಳೆವಯಸ್ಸಿನಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿತು, 1850ರಲ್ಲಿ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಇಪ್ಪತ್ತೊಂದು ವರ್ಷದ ಯುವಕರಾಗಿ ಹಿಂದೂಸ್ಥಾನಕ್ಕೆ ಬಂದರು. ಮುಂದೆ ಧಾರವಾಡ, ಮಂಗಳೂರು, ಮಡಿಕೇರಿ ಈ ಸ್ಥಳಗಳಲ್ಲಿ ಅವರ ಆಯುಷ್ಯದ ಬಹುಭಾಗವು ಕಳೆಯಿತು.

ಪೇಟೆಯಲ್ಲಿ ನಿಂತು ನಾಲ್ಕು ಮಾತು ಬೋಧಿಸುವುದಕ್ಕೆ ಬೇಕಾದಷ್ಟು ಕನ್ನಡವನ್ನು ಶ್ರದ್ಧೆಯುಳ್ಳ ಮನುಷ್ಯನು ಬೇಗನೆ ಕಲಿಯಬಹುದು. ಅಷ್ಟರಿಂದ ಮೇಲಿನವರಿಗೂ ಸಮಾಧಾನ, ತನಗೂ ನಿಶ್ಚಿಂತೆ. ಕಿಟೆಲರು ಅಲ್ಲಿಗೆ ನಿಲ್ಲಲಿಲ್ಲ. ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಹಳೆಯ ಕಾವ್ಯ, ಛಂದಸ್ಸು, ವ್ಯಾಕರಣ, ಗಾದೆ ಇವೆಲ್ಲವನ್ನೂ ತಿಳಿಯಬೇಕೆಂದು ನಿಶ್ಚಯಿಸಿ ಹಳಗನ್ನಡದ ಆಳಕ್ಕೆ ಇಳಿದರು. ಇದು ಸುವಾರ್ತೆಯ ಕೆಲಸಕ್ಕೆ ಅಡ್ಡಿಯೆಂದು ಮಿಶನ್ನಿನ ಹಿರಿಯರಲ್ಲಿ ಕೆಲವರು ಅಸಮಾಧಾನಪಟ್ಟರು. ಅವರ ಮಾತಿನಲ್ಲಿಯೂ ನ್ಯಾಯವಿಲ್ಲದಿರಲಿಲ್ಲ; ದೂರದ ಫಲಕ್ಕಾಗಿ ದುಡಿಯುವವನ ಕೈಯಲ್ಲಿ ಸಂಜೆಗೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಕಿಟೆಲರು ಮಾತ್ರ ನಡುನಡುವೆ ಆಗಿನ ಉಪಯೋಗಕ್ಕೆ ಬರುವ ಗ್ರಂಥಗಳನ್ನೂ ಒದಗಿಸುತ್ತ ಬಂದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ರಚಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯೂ ಅವರ ಪರಿಷ್ಕರಣದಿಂದ ಮಂಗಳೂರಿನಲ್ಲಿ ಪ್ರಕಟವಾದವು.

ನಿಘಂಟಿನ ಕಾರ್ಯದಲ್ಲಿಯೂ ಹತ್ತಿರದ ದಾರಿಯೊಂದಿತ್ತು. ರೀವರ ಗ್ರಂಥವನ್ನು ಸ್ಯಾಂಡರ್ಸನ್ ಎಂಬವರು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದರು. ಅದಕ್ಕೆ ಕೆಲವು ಸಾವಿರ ಪದಗಳನ್ನು ಸೇರಿಸಿ ಕೊಟ್ಟಿದ್ದರೆ ಕೆಲಸವು ಬೇಗ ಮುಗಿಯುತ್ತಿತ್ತು. ಕಿಟೆಲರು ಹಾಗೆ ಮಾಡದೆ, ಹಳೆಯ ಗ್ರಂಥಗಳಿಂದ ಪ್ರಯೋಗಗಳನ್ನು ಆರಿಸಿ, ಜನರ ಬಾಯಿಂದ ಗಾದೆಗಳನ್ನು ಕೂಡಿಸಿ, ತಮಿಳು ತೆಲುಗು ಮಲೆಯಾಳ ತುಳು ಭಾಷೆಗಳ ಸಂಬಂಧಪಟ್ಟ ರೂಪಗಳನ್ನು ಹೋಲಿಸಿ, ಅಚ್ಚಗನ್ನಡವಾವುದು, ಪರಭಾಷೆಯಿಂದ ಬಂದದ್ದಾವುದು ಎಂದು ವಿಂಗಡಿಸುತ್ತ ಹೋದರು.

ಹುಬ್ಬಳ್ಳಿಯ ಬಳಿ ಸುಳ್ಳ ಎಂಬ ಊರಿದೆ. ಸುತ್ತಲೂ ಎರೆಭೂಮಿ. ಈ ಸೀಮೆಯ ಒಕ್ಕಲುಮಕ್ಕಳು ಹಿಂದೆ ನೆಲದಲ್ಲಿ ಹಗೇವು ತೋಡಿ ಜೋಳವನ್ನು ತುಂಬಿಡುತ್ತಿದ್ದರು. ಮಳೆ ತಪ್ಪಿದ ವರ್ಷ ಮನೆಯಾಕೆಯು ಊಟದ ಕಾಳನ್ನು ಬಿಗಿಹಿಡಿದು ಅಳೆಯುವಳೇ ಹೊರತು ಬಿತ್ತುವ ಕಾಳಿಗೆ ಕೈಯಿಕ್ಕಳು. ಹಾಗೆಂದು ಕೂಸುಗಳನ್ನು ಉಪವಾಸ ಕೆಡವಿ ಬೀಜವನ್ನು ಕಾಯುವ ಗೃಹಿಣಿಯನ್ನೂ ಯಾರೂ ಹೊಗಳರು. ಎಷ್ಟು ಉಣ್ಣಬೇಕು, ಎಷ್ಟು ಇಡಬೇಕೆಂಬ ಲೆಕ್ಕವು ದಿನದಿನದ್ದು. ಹತ್ತಿ ಬಿಡಿಸುವ ಕಾಲದಲ್ಲಿ ಹುಡುಗಿಯನ್ನು ಶಾಲೆ ಬಿಡಿಸುವ ತಂದೆಯ ಮುಂದೆಯೂ ಇದೇ ಲೆಕ್ಕವಿದೆ. ಅವಳ ಎರಡು ಕೈಗಳಿಂದ ಮನೆಗಾಗುವ ನೆರವು ಸುಳ್ಳಲ್ಲ. ಆದರೆ ನಾಲ್ಕು ದಿನವೆಂದು ಬಿಟ್ಟ ಶಾಲೆಯು ಹಾಗೆಯೇ ಬಿಟ್ಟುಹೋಗುವುದೂ ಸುಳ್ಳಲ್ಲ. (ಹಗೇವು ಎಂಬ ಈ ನುಡಿಯೂ ಕಿಟೆಲರ ನಿಘಂಟಿನಲ್ಲಿದೆ.)

ಕಿಟೆಲರ ಮನೆಯ ಲೆಕ್ಕವು ಇದಕ್ಕಿಂತ ಕಠಿಣವಾಗಿತ್ತು. 1860ರಲ್ಲಿ ಅವರು ಪೌಲೀನ್ ಎಂಬ ಸ್ತ್ರೀಯನ್ನು ವಿವಾಹವಾದರು; ಆಕೆ 1864ರಲ್ಲಿ ತೀರಿಕೊಂಡರು. ತರುವಾಯ ಆಕೆಯ ತಂಗಿ ಜೂಲಿಯವರ ಕೈಹಿಡಿದರು. 1877ರಲ್ಲಿ ಅವರು ಸ್ವದೇಶಕ್ಕೆ ಮರಳಿ ಆರು ವರ್ಷ ಅಲ್ಲಿದ್ದರು. ಆಗ ಅವರಿಗೆ ಸಂಸಾರವಿತ್ತು, ತಮ್ಮ ಜನರಿದ್ದರು, ಒಗ್ಗಿದ ಹವೆಯಿತ್ತು. ನಿಘಂಟನ್ನು ಅಪೂರ್ಣವಾಗಿ ಬಿಟ್ಟಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಕನ್ನಡ ನಾಡಿನಲ್ಲಿ ನಿಂತು ಬಲ್ಲವರನ್ನು ಕೇಳಿ ಮಾಡಬೇಕಾದ ಕೆಲಸವನ್ನು ದೂರದಲ್ಲಿ ಕುಳಿತು ಮುಗಿಸುವುದು ಸಾಧ್ಯವಿರಲಿಲ್ಲ. ಆದುದರಿಂದ 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ತಿರುಗಿ ಬಂದರು.

ಈ ಸಂಗತಿಯನ್ನು ಬರಿಯ ಹೊಗಳಿಕೆಯಿಂದ ದಾಟಿಹೋಗುವುದು ಸರಿಯಲ್ಲ. ತನ್ನ ಸುಖವನ್ನು ತಾನು ಬಿಡುವುದು ಒಂದು. ಮನೆಯವರ ಸುಖವೂ ಅದರೊಡನೆ ಹೋಗುವುದು ಇನ್ನೊಂದು. ಗಂಡನು ಸಮುದ್ರದಾಚೆ ಪದಗಳನ್ನು ತೂಗುತ್ತಿದ್ದಾಗ ಜೂಲಿಯವರು ಮಕ್ಕಳ ಭಾರವನ್ನು ಹೊತ್ತು ಕಾಲ ಕಳೆದರು. ನಿಘಂಟಿನ ಮುಖಪತ್ರದಲ್ಲಿ ಆಕೆಯ ಹೆಸರಿಲ್ಲ. ಕನ್ನಡಿಗರು ಆಕೆಗೂ ಋಣಿಗಳೆಂದು ಇಲ್ಲಿಯಾದರೂ ಹೇಳಬೇಕು. ಆದಾಗ್ಯೂ ಕಿಟೆಲರು ಮೊದಲ ಆರು ವರ್ಷಗಳನ್ನು ಸಂಸಾರಕ್ಕೆ ಕೊಟ್ಟೇ ಹೊರಟರೆಂಬುದನ್ನೂ ಮರೆಯಬಾರದು.

ಒಂಬತ್ತು ವರ್ಷಗಳ ದುಡಿಮೆಯ ಬಳಿಕ, ಶರೀರವು ಬಳಲಿರಲು, 1892ರಲ್ಲಿ ಅವರು ಈ ನಾಡನ್ನು ಬಿಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ಟ್ಯೂಬಿಂಗೆನ್ ಪಟ್ಟಣದಿಂದ ಮುನ್ನುಡಿಯನ್ನು ಬರೆದು ಕಳುಹಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಗ್ರಂಥವು ಹೊರಬಿತ್ತು. 1,752 ಪುಟಗಳು, ಸುಮಾರು 70,000 ಪದಗಳು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಎಂಬ ಗೌರವ ಪದವಿಯನ್ನಿತ್ತಿತು. ಅಷ್ಟಕ್ಕೆ ವಿಶ್ರಮಿಸಬಹುದಾಗಿದ್ದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕಾಲವಾದರು.

ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಲು ಮದ್ರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪುನಃ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲನೆಯ ಸಂಪುಟವು ಹೊರಟದ್ದು 1970ರಲ್ಲಿ. ಅನೇಕ ವಿದ್ವಾಂಸರು ಕೂಡಿ ದುಡಿದು ಎಂಟನೆಯದನ್ನು ಮುಗಿಸುವಷ್ಟರಲ್ಲಿ 1995 ಬಂದಿತ್ತು.