ಪದ ಹುಡುಕುತ್ತಲೇ ಬಾಳು ಸವೆಸಿದ ಕಿಟೆಲ್

ಮೊದಲ ಅಕ್ಷರ ಗೊತ್ತು, ಮನೆಗಳು ಏಳು, ಪದ ಮಾತ್ರ ಹೊಳೆಯದು. ಇಂಗ್ಲಿಷ್ ಪದಬಂಧ ಬಿಡಿಸುವವರ ಈ ಪರದಾಟ ಒಂದು ಬೆಳಗಿನದು. ಕನ್ನಡದ ಒಂದೊಂದು ಮಾತಿಗೂ ತಕ್ಕ ಇಂಗ್ಲಿಷ್ ಪದ ಹುಡುಕಲು ರೆವರೆಂಡ್ ಫರ್ಡಿನೆಂಡ್ ಕಿಟೆಲ್ ವರ್ಷಗಟ್ಟಲೆ ದುಡಿದರು.

1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್, 1853ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಬಂದರು. ನೀಲಗಿರಿಯ ಕೇತಿಯಲ್ಲೂ 1846ರಿಂದ ಇದೇ ಮಿಷನ್ನಿನ ನೆಲೆಯಿತ್ತು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದ ಅವರು 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. ಮತಪ್ರಚಾರ ಬಿಟ್ಟು ಪುಸ್ತಕ ಹಿಡಿದರೆಂದು ಮಿಷನ್ನಿನವರಲ್ಲೇ ಕೆಲವರಿಗೆ ಅಸಮಾಧಾನ. ಊರಿಗೆ ಮರಳಿದ್ದ ಕಿಟೆಲ್ ನಿಘಂಟಿಗಾಗಿ 1883ರಲ್ಲಿ ಮತ್ತೆ ಬಂದರು. ಆರೋಗ್ಯ ಕೆಟ್ಟರೂ ಕೆಲಸ ಕೈಬಿಡಲಿಲ್ಲ.

1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಬರೀ ಅರ್ಥವಲ್ಲ, ಗಾದೆಗಳಿವೆ, ಕಾವ್ಯಪ್ರಯೋಗಗಳಿವೆ. ತಮಿಳು, ತೆಲುಗು, ಮಲಯಾಳಂ, ತುಳುವಿನ ನೆಂಟ ಪದಗಳೂ ಇವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು.

1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಕನ್ನಡ ಪದವೊಂದಕ್ಕೆ ಅರ್ಥ ತಿಳಿಯದೆ ತಡವರಿಸಿದವರು ಇಂದಿಗೂ ತೆರೆಯುವುದು ಕಿಟೆಲ್ ಕೋಶವನ್ನೇ.