ಸಾವಿತ್ರಿಬಾಯಿ ಫುಲೆ: ಕೆಸರಿಗೆ ಕವಿತೆಯ ಉತ್ತರ

ಈ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ, ಜನವರಿ 3ರಂದು ಸಾವಿತ್ರಿಬಾಯಿ ಫುಲೆಯವರ ಜಯಂತಿಯ ಭಾಷಣ ನನ್ನ ಪಾಲಿಗೇ ಬರುತ್ತಿತ್ತು. ಹೇಳುತ್ತಿದ್ದುದು ಅದೇ ಕಥೆ. ಶಾಲೆಗೆ ಹೊರಟ ಆ ತಾಯಿಯ ಮೇಲೆ ಜನ ಕೆಸರು, ಸಗಣಿ ಎಸೆಯುತ್ತಿದ್ದರು. ಅವರು ಇನ್ನೊಂದು ಸೀರೆ ಒಯ್ದು, ಅಲ್ಲಿ ಉಟ್ಟು ಪಾಠ ಮಾಡುತ್ತಿದ್ದರು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಅವರು ತಿರುಗಿ ಏನೂ ಅನ್ನಲಿಲ್ಲವೇ ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಮುಂದಿನ ಜೂನ್‌ನಲ್ಲಿ ಹಾಜರಿ ಕೂಗುವಾಗ ಅವಳಿರಲಿಲ್ಲ. ಬೇಸಿಗೆಯಲ್ಲೇ ಮದುವೆ ಮಾಡಿಬಿಟ್ಟಿದ್ದರು.

ಅವಳ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ಹುಡುಕಿ ಓದಿದ ಮೇಲೆ ತಿಳಿಯಿತು, ಅವರು ಖಂಡಿತ ಉತ್ತರ ಕೊಟ್ಟಿದ್ದರು. ಕೊಟ್ಟದ್ದು ಕವಿತೆಯಲ್ಲಿ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. ಒಂಬತ್ತನೆಯ ವಯಸ್ಸಿಗೆ ಮದುವೆ. ಗಂಡ ಜ್ಯೋತಿಬಾಗೆ ಹದಿಮೂರು. ಅಕ್ಷರ ಕಲಿತದ್ದು ಗಂಡನಿಂದಲೇ. 1848ರಲ್ಲಿ ಪುಣೆಯ ಭಿಡೆ ವಾಡಾದಲ್ಲಿ ದಂಪತಿಗಳು ಹೆಣ್ಣುಮಕ್ಕಳ ಶಾಲೆ ತೆರೆದರು. ಜಾತಿಯವರ ಒತ್ತಡಕ್ಕೆ ಮಣಿದು ಮಾವ ಮನೆ ಬಿಡಿಸಿದರೂ ಶಾಲೆ ಬಿಡಲಿಲ್ಲ.

1854ರಲ್ಲಿ ಅವರ ಮೊದಲ ಕವನ ಸಂಕಲನ ‘ಕಾವ್ಯಫುಲೆ’ ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಮರಾಠಿಯಲ್ಲಿ ಫುಲೆ ಎಂದರೆ ಹೂಗಳು. ಪೇಶ್ವೆಯರಿಗೆ ಹೂ ಒದಗಿಸುತ್ತಿದ್ದ ಮನೆತನಕ್ಕೆ ಅಂಟಿದ ಹೆಸರದು. ಪುಸ್ತಕದ ಹೆಸರಿನಲ್ಲೇ ಮನೆತನವೂ ಇದೆ, ಹೂವೂ ಇದೆ. ಜ್ಯೋತಿಬಾ ಅವರ ಪ್ರಸಿದ್ಧ ‘ಗುಲಾಮಗಿರಿ’ ಬಂದದ್ದು 1873ರಲ್ಲಿ. ಹೆಂಡತಿಯ ಪುಸ್ತಕ ಅದಕ್ಕಿಂತ 19 ವರ್ಷ ಹಿರಿದು! ಇದನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ.

ಅದರಲ್ಲಿ ಸಂಪಿಗೆ, ಜಾಜಿಗಳ ಮೇಲೆ ಪದ್ಯಗಳಿವೆ. ಪಕ್ಕದಲ್ಲೇ ಶೂದ್ರರ ಸಂಕಟ, ಓದಿನ ಹಂಬಲ, ಇಂಗ್ಲಿಷ್ ಕಲಿಯಿರೆಂಬ ಕರೆ. ಸಾವಿತ್ರಿ ಮತ್ತು ಜ್ಯೋತಿ ಮಾತಾಡಿಕೊಳ್ಳುವ ಪದ್ಯವಿದೆ. ಹುಡುಗಿಯರು ಶಾಲೆಯ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪದ್ಯವೂ ಇದೆ. ಮೇಷ್ಟ್ರಾಗಿ ನನಗೆ ಹೆಚ್ಚು ಹಿಡಿಸಿದ್ದು ಈ ಕೊನೆಯದು. ಹೆಣ್ಣುಮಗುವಿಗೆ ಓದು ಬೇಕೋ ಬೇಡವೋ ಎಂದು ಊರ ಗಂಡಸರು ವಾದಿಸುತ್ತಿದ್ದ ಕಾಲದಲ್ಲಿ, ಮಾತಾಡುವ ಅವಕಾಶವನ್ನು ಅವರು ಹುಡುಗಿಯರಿಗೇ ಕೊಟ್ಟರು. ಓದು ಬಾರದವರಿಗೂ ಪದ್ಯ ಕಿವಿಯಿಂದ ದಾಟುತ್ತದೆ ಎಂಬುದು ಅಭಂಗ ಕೇಳುತ್ತ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕವಿತೆ ಬರೆದು ಮನೆಯಲ್ಲಿ ಕುಳಿತವರಲ್ಲ. ಗಂಡನಿಗೆ ಬರೆದ ಅವರ ಮೂರು ಪತ್ರಗಳು ಪ್ರಸಿದ್ಧವಾಗಿವೆ. 1856ರಲ್ಲಿ ಕಾಯಿಲೆಯಾಗಿ ತವರಿನಲ್ಲಿದ್ದಾಗ ಬರೆದುದರಲ್ಲಿ, ಶಾಲೆಯ ಭಾರವೆಲ್ಲ ಜೊತೆಯ ಶಿಕ್ಷಕಿ ಫಾತಿಮಾ ಮೇಲೆ ಬಿತ್ತಲ್ಲ ಎಂಬ ಚಿಂತೆ. 1868ರ ಪತ್ರ ಓದುವಾಗ ನನ್ನ ಮೈ ನಡುಗಿತು. ಗಣೇಶನೆಂಬ ಬ್ರಾಹ್ಮಣ ಯುವಕನೂ ಸಾರಜಾ ಎಂಬ ಮಹಾರ್ ಹುಡುಗಿಯೂ ಪ್ರೀತಿಸಿದ್ದರು. ಊರಿನವರು ಇಬ್ಬರನ್ನೂ ಬೀದಿಯಲ್ಲಿ ಹೊಡೆಯುತ್ತ ಕೊಲ್ಲಲು ಎಳೆದೊಯ್ಯುತ್ತಿದ್ದರು. ಸುದ್ದಿ ತಿಳಿದು ಓಡಿದ ಸಾವಿತ್ರಿಬಾಯಿ ಗುಂಪಿನೆದುರು ನಿಂತು, ಕೊಂದರೆ ಸರ್ಕಾರದ ಕಾನೂನು ಬಿಡುವುದಿಲ್ಲವೆಂದು ಎಚ್ಚರಿಸಿ ಇಬ್ಬರನ್ನೂ ಉಳಿಸಿದರು. ಜೋಡಿ ಊರು ಬಿಡಬೇಕಾಯಿತು, ಜೀವವಂತೂ ಉಳಿಯಿತು. ಮೂರನೆಯದು 1877ರದು, ಬರಗಾಲದ ಊರಿನಿಂದ ಬರೆದದ್ದು.

1890ರಲ್ಲಿ ಜ್ಯೋತಿಬಾ ತೀರಿಕೊಂಡಾಗ ದತ್ತುಮಗನ ಹಕ್ಕನ್ನು ನೆಂಟರು ಪ್ರಶ್ನಿಸಿದರು. ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಶವದ ಮುಂದೆ ನಡೆದರು. ಆಮೇಲೆ ಗಂಡನ ಬಾಳನ್ನೂ ಪದ್ಯದಲ್ಲೇ ಬರೆದರು; ಅದು ‘ಬಾವನ್ನಕಶಿ ಸುಬೋಧ ರತ್ನಾಕರ’.

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ವೈದ್ಯನಾಗಿದ್ದ ಮಗ ಯಶವಂತ ಊರ ಹೊರಗೆ ಚಿಕಿತ್ಸೆ ಕೊಡುತ್ತಿದ್ದ. ಮುಂಢವಾ ಎಂಬಲ್ಲಿ ಪ್ಲೇಗ್ ತಗುಲಿದ್ದ ಬಾಲಕನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ಅಲ್ಲಿಗೆ ತಂದರು. ಆ ಸೋಂಕು ಅವರಿಗೂ ಹತ್ತಿತು. ಮಾರ್ಚ್ 10ರಂದು ತೀರಿಕೊಂಡರು. ವಯಸ್ಸು 66.

ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ. ಹಳೆಯ ವಿದ್ಯಾರ್ಥಿಗಳ ಕೈಗೆ ಈ ಸಂಚಿಕೆ ಹೋಗುತ್ತದೆಯಲ್ಲ, ಅವಳ ಕೈಗೂ ಒಂದು ಸೇರಲೆಂದು ಇಷ್ಟು ತಡವಾಗಿಯಾದರೂ ಬರೆದೆ.