ಎರಡು ಸಂಗೀತಗಳ ಅರಸು

ಶ್ರೀ ಜಯಚಾಮರಾಜ ಒಡೆಯರು ಜನಿಸಿದ್ದು 1919ರಲ್ಲಿ. ಪಿಯಾನೋ ವಾದಕರಾಗಬೇಕೆಂಬುದು ಅವರ ಯೌವನದ ಹಂಬಲ. 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಳ್ಳಲು, ಇಪ್ಪತ್ತೊಂದರ ಹರೆಯದಲ್ಲೇ ಮೈಸೂರಿನ ರಾಜ್ಯಭಾರ ಹೆಗಲಿಗೆ ಬಿದ್ದಿತು. ಹಂಬಲ ಅಲ್ಲಿಗೇ ನಿಂತಿತು. ಆದರೆ ಸಂಗೀತ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ರಷ್ಯದ ಸಂಗೀತಗಾರ ಮೆಟ್ನರ್ ತಮ್ಮ ರಚನೆಗಳನ್ನು ಧ್ವನಿಮುದ್ರಿಸಿದುದು ಇವರ ಧನಸಹಾಯದಿಂದ. ಪಿಯಾನೋದಲ್ಲಿ ಪಳಗಿದ ಮನಸ್ಸು ಹಾಡಿಕೆಗೂ ಒಲಿಯಿತು: ‘ಶ್ರೀವಿದ್ಯಾ’ ಅಂಕಿತದ 94 ಸಂಸ್ಕೃತ ಕೃತಿಗಳು ಹುಟ್ಟಿದುವು.

1963ರಲ್ಲಿ ಪ್ಯಾರಿಸಿನ ಸ್ವಿಂಗಲ್ ಗಾಯಕವೃಂದ ಬಾಖನ ವಾದ್ಯರಚನೆಗಳನ್ನು ಜಾಝ್ ಲಯದಲ್ಲಿ ಹಾಡಿ ಎರಡು ಸಂಪ್ರದಾಯಗಳನ್ನು ಬೆಸೆಯಿತು. ನಮ್ಮ ಅರಮನೆಯಲ್ಲಿ ಅದಕ್ಕೂ ಮೊದಲೇ ಎರಡು ಸಂಗೀತಗಳು ಒಂದೇ ಹೃದಯದಲ್ಲಿ ನೆಲೆಸಿದ್ದುವು. ಒಡೆಯರು 1974ರಲ್ಲಿ ಕಾಲವಾದರು. ಅರಸೊತ್ತಿಗೆ ಅಳಿಯಿತು, ಕೃತಿಗಳು ಕಛೇರಿಗಳಲ್ಲಿ ಉಳಿದಿವೆ.